ಚೆಲೊಗೆ ಗಟ್ಟಿ ಅಂಟು ಹಾಕಿಸಿ ಕೆಟ್ಟೆ

ನಾನು ಚೆಲೊ ನುಡಿಸಿ ಹೊಟ್ಟೆ ಹೊರೆಯುವವನು. ಪಿಟೀಲಿನ ದೊಡ್ಡಣ್ಣ ಅನ್ನಿ, ಕುರ್ಚಿ ಮೇಲೆ ಕೂತು ಮಂಡಿಗಳ ನಡುವೆ ಇಟ್ಟುಕೊಂಡು ನುಡಿಸ್ತೇವಲ್ಲ, ಅದು. ಬೆಂಗಳೂರಿನಲ್ಲಿ ಸಿನಿಮಾ ರೆಕಾರ್ಡಿಂಗ್, ಆಗೊಮ್ಮೆ ಈಗೊಮ್ಮೆ ವೇದಿಕೆ, ಉಳಿದ ದಿನ ಮಕ್ಕಳಿಗೆ ಪಾಠ. ಸಂಬಳ ಇಲ್ಲ, ಕಾಲ್‌ಶೀಟ್ ಲೆಕ್ಕ. ವಾದ್ಯ ಕೆಟ್ಟರೆ ರಿಪೇರಿ ದುಡ್ಡೂ ನಮ್ಮದೇ.

ಒಂದು ಜುಲೈನಲ್ಲಿ ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಗೆ ಹದಿನೈದು ದಿನಕ್ಕೆ ಹೋದೆ. ಸಾಧನೆ ತಪ್ಪಬಾರದು ಅಂತ ಚೆಲೊನೂ ಒಯ್ದೆ. ಅದೇ ತಾಲ್ಲೂಕಿನ ಆಗುಂಬೆಗೆ ವರ್ಷಕ್ಕೆ 7,000 ಮಿ.ಮೀ.ಗೂ ಜಾಸ್ತಿ ಮಳೆ. ನಮ್ಮಲ್ಲಿ ಅಷ್ಟಿಲ್ಲ, ಆದರೆ ಚಪ್ಪಲಿಗೆ ಬೂಷ್ಟು ಬರುವಷ್ಟಂತೂ ಇದೆ. ಮೂರೇ ದಿನಕ್ಕೆ ತಂತಿ ಬಿಗಿಯುವ ಬಿರಡೆಗಳು ಉಬ್ಬಿ ಕಚ್ಚಿಕೊಂಡವು. ಕಮಾನಿನ ಕುದುರೆ ಕೂದಲು ತೇವಕ್ಕೆ ಉದ್ದವಾಗಿ, ಎಷ್ಟು ತಿರುಪಿದರೂ ಬಿಗಿಯಾಗಲಿಲ್ಲ. "ಬಚ್ಚಲು ಒಲೆ ಹತ್ರ ಇಡು ಮಾರಾಯ, ಒಣಗ್ತದೆ" ಅಂದರು ಅಪ್ಪಯ್ಯ. ಪುಣ್ಯಕ್ಕೆ ಆ ಮಾತು ಕೇಳಲಿಲ್ಲ. ವಾರ ಕಳೆದ ಮೇಲೆ ದಪ್ಪ ತಂತಿ ನುಡಿಸಿದರೆ ಒಳಗೆ ಜೀರುಂಡೆ ಹೊಕ್ಕ ಹಾಗೆ ಸದ್ದು. ನೋಡಿದರೆ ಮೇಲಿನ ಹಲಗೆ ಪಕ್ಕದ ಪಟ್ಟಿಯಿಂದ ಬಿಟ್ಟುಕೊಂಡಿದೆ, ಪೋಸ್ಟ್‌ಕಾರ್ಡ್ ತೂರುವಷ್ಟು ಸಂದು.

ನಾಲ್ಕು ದಿನಕ್ಕೆ ರೆಕಾರ್ಡಿಂಗ್ ಇತ್ತು. ಊರಿನ ಆಚಾರ್ರನ್ನು ಕರೆಸಿದೆ. ಅವರು ಬಾಗಿಲು ಕಿಟಕಿಗೆ ಹಾಕುವ ಬಿಳಿ ಅಂಟು ಹಾಕಿ, ಬಟ್ಟೆ ಸುತ್ತಿ ಹಗ್ಗ ಬಿಗಿದರು. "ಇನ್ನು ಮರ ಒಡೆದ್ರೂ ಇದು ಬಿಡೂದಿಲ್ಲ" ಅಂದರು.

ಮಾರ್ಚ್‌ನಲ್ಲಿ ಹಾಗೇ ಆಯಿತು. ಬೆಂಗಳೂರಿನ ಒಣಹವೆಗೆ ಹಲಗೆ ಕುಗ್ಗಿತು, ಅಂಟು ಬಿಡಲಿಲ್ಲ, ಮರ ಒಡೆಯಿತು. ನಾಲ್ಕಿಂಚು ಸೀಳು.

ರಿಪೇರಿಯವರು ಬೈಯಲಿಲ್ಲ, ಸುಮ್ನೆ ಒಂದು ಡಬ್ಬಿ ತೆಗೆದು ತೋರಿಸಿದರು. ಪ್ರಾಣಿಗಳ ಚರ್ಮದಿಂದ ತಯಾರಿಸಿದ ಅಂಟು, ಬೆಲ್ಲದ ಚೂರಿನ ಹಾಗಿತ್ತು. ನೆನೆಸಿ, ಬಿಸಿ ಮಾಡಿ ಹಚ್ಚೋದು. ಪಿಟೀಲು, ಚೆಲೊಗಳಿಗೆ ಬೇಕಂತಲೇ ಇದನ್ನು ಹಾಕ್ತಾರಂತೆ, ಮರ ಒಡೆಯುವ ಮೊದಲೇ ಅಂಟು ಬಿಟ್ಟುಕೊಳ್ಳಲಿ ಅಂತ. ಹವೆ ಬದಲಾಗಿ ಮರ ಎಳೆದಾಡಿದರೆ ಮೊದಲು ಬಿಡಬೇಕಾದ್ದು ಅಂಚು. ಅಂಚು ಬಿಟ್ಟರೆ ಮತ್ತೆ ಅಂಟಿಸಬಹುದು, ಹಲಗೆ ಸೀಳಿದರೆ ಜನ್ಮಕ್ಕೂ ಗುರುತು. ಹದಿನಾಲ್ಕು ವರ್ಷ ನುಡಿಸಿದವನಿಗೆ ಇಷ್ಟು ಗೊತ್ತಿರಲಿಲ್ಲ, ಆಚಾರ್ರ ಮೇಲೆ ಏನು ತಪ್ಪು ಹೊರಿಸೋದು? ಸೀಳು ಕೂಡಿಸೋದಕ್ಕಿಂತ ಆ ಬಿಳಿ ಅಂಟು ಕೆರೆದು ತೆಗೆಯಲಿಕ್ಕೇ ಜಾಸ್ತಿ ದಿನ ಹಿಡಿಯಿತು. ಅಷ್ಟರಲ್ಲಿ ಎರಡು ಕಾಲ್‌ಶೀಟ್‌ಗೆ ಬೇರೆಯವರ ಚೆಲೊ ಬಾಡಿಗೆ.

ಈಗ ಪೆಟ್ಟಿಗೆಯೊಳಗೆ ತೇವ ಅಳೆಯುವ ಪುಟ್ಟ ಮೀಟರ್ ಇದೆ. 40ರಿಂದ 60 ಪರ್ಸೆಂಟ್ ಒಳಗಿದ್ದರೆ ನಿದ್ದೆ ಬರುತ್ತದೆ. ವಾರಕ್ಕೊಮ್ಮೆ ಅಂಚಿನ ಸುತ್ತ ಬೆರಳ ಗೆಣ್ಣಿನಿಂದ ಬಡಿಯುತ್ತೇನೆ, ಹಲಸಿನಕಾಯಿ ಬಲಿತಿದೆಯಾ ಅಂತ ನೋಡ್ತೇವಲ್ಲ, ಹಾಗೆ. ಬಿಟ್ಟ ಕಡೆ ಸದ್ದು ಸಡಿಲ ಕೇಳುತ್ತದೆ.

ಮಳೆಗಾಲದಲ್ಲಿ ಊರಿಗೆ ಒಯ್ಯೋದು ಪ್ಲೈವುಡ್‌ನ ಅಗ್ಗದ ಚೆಲೊ. ಹೋದ ಸಲ ಜಗುಲಿಯಲ್ಲಿ ನುಡಿಸುತ್ತಿದ್ದಾಗ ಅಪ್ಪಯ್ಯ ಎಲೆಗೆ ಸುಣ್ಣ ಸವರುತ್ತಾ ಕೇಳಿದರು, "ದನಿ ಯಾಕೋ ಡಬ್ಬ ಬಡ್ದ ಹಾಗಿದೆಯಲ್ಲ, ಅಭ್ಯಾಸ ಬಿಟ್ಯಾ?"