ಕಬ್ಬಿನ ಹಂಗಾಮಿನಲ್ಲಿ ಮಾಡಿಸಿದ ಏಳು ದಿನದ ಎಣಿಕೆ

ಬಾಗಲಕೋಟೆ ಜಿಲ್ಲೆಯ ಒಂದು ರಾಜ್ಯ ಹೆದ್ದಾರಿಯನ್ನು ನಾಲ್ಕು ಪಥಕ್ಕೆ ಏರಿಸಬೇಕೇ ಎಂಬುದನ್ನು ನಿರ್ಧರಿಸುವ ಡಿಪಿಆರ್‌ನಲ್ಲಿ (ವಿವರವಾದ ಯೋಜನಾ ವರದಿಯಲ್ಲಿ) ಟ್ರಾಫಿಕ್ ಅಧ್ಯಾಯದ ಹೊಣೆ ನನ್ನದಾಗಿತ್ತು. ಏಳು ದಿನದ ವಾಹನ ಎಣಿಕೆಯನ್ನು ಜನವರಿಯಲ್ಲಿ ಮಾಡಿಸಿದೆವು. ಸುಗ್ಗಿಯಲ್ಲೊಮ್ಮೆ, ಸುಗ್ಗಿಯಿಲ್ಲದ ಕಾಲದಲ್ಲೊಮ್ಮೆ, ಹೀಗೆ ವರ್ಷಕ್ಕೆ ಎರಡು ಸಲ ಎಣಿಸಬೇಕೆಂದು ಭಾರತೀಯ ರಸ್ತೆ ಕಾಂಗ್ರೆಸ್ಸಿನ (ಐಆರ್‌ಸಿ) ಮಾರ್ಗಸೂಚಿ ಐಆರ್‌ಸಿ 9 ಹೇಳುತ್ತದೆ. ನಮ್ಮ ಕರಾರಿನಲ್ಲಿ ಇದ್ದದ್ದು ಒಂದೇ ಎಣಿಕೆಯ ದುಡ್ಡು.

ಆ ಕೊರತೆಯನ್ನು ಸೀಸನಲ್ ಫ್ಯಾಕ್ಟರ್, ಅಂದರೆ ಒಂದು ತಿಂಗಳ ಎಣಿಕೆಯನ್ನು ವರ್ಷದ ಸರಾಸರಿಗೆ ಹೊಂದಿಸುವ ಗುಣಕ, ತುಂಬಿಕೊಡುತ್ತದೆ ಎಂಬುದು ನನ್ನ ನಂಬಿಕೆ. ಸಂಚಾರದ ಏರಿಳಿತ ಡೀಸೆಲ್ ಮಾರಾಟದಲ್ಲಿ ಕಾಣುತ್ತದೆಂದು, ಅದಕ್ಕಾಗಿ ಎರಡು ಪೆಟ್ರೋಲ್ ಬಂಕ್‌ಗಳ ತಿಂಗಳವಾರು ಡೀಸೆಲ್ ಮಾರಾಟ ಕೇಳಿದೆ. ಪಟ್ಟಣದ ಬಂಕಿನವರು ಕಂಪ್ಯೂಟರಿನಿಂದ ಹಾಳೆ ತೆಗೆದು ಕೈಗಿತ್ತರು. ಸಕ್ಕರೆ ಕಾರ್ಖಾನೆಯ ಬಳಿಯ ಬಂಕಿನ ಮಾಲೀಕರು ಎಣ್ಣೆ ಜಿಡ್ಡು ಹತ್ತಿದ ಲೆಜರ್ ತೋರಿಸಿ, ನಾಳೆ ಬಂದು ಬರೆದುಕೊಳ್ಳಿ ಎಂದರು. ನಾನು ಮರುದಿನ ಹೋಗಲಿಲ್ಲ. ಪಟ್ಟಣದ ಬಂಕಿನ ಮಾರಾಟ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಸಮ ಇದ್ದುದರಿಂದ ಫ್ಯಾಕ್ಟರ್ 0.98 ಬಂತು, ನನಗೂ ನೆಮ್ಮದಿಯಾಯಿತು.

ಎಎಡಿಟಿ, ಅಂದರೆ ವರ್ಷದ ಸರಾಸರಿ ದಿನದ ಸಂಚಾರ, 11,800 ಪಿಸಿಯು (ಎಲ್ಲ ವಾಹನಗಳನ್ನೂ ಕಾರಿನ ಲೆಕ್ಕಕ್ಕೆ ತಂದ ಏಕಮಾನ). ಶೇ. 5ರ ಬೆಳವಣಿಗೆ ಹಾಕಿದರೆ ಐದನೆಯ ವರ್ಷಕ್ಕೇ 15,000, ಅಂದರೆ ಸಮತಟ್ಟು ನೆಲದ ಎರಡು ಪಥದ ರಸ್ತೆಗೆ ಐಆರ್‌ಸಿ 64 ಕೊಟ್ಟಿರುವ ಮಿತಿ. ನಾಲ್ಕು ಪಥ ಎಂದು ಬರೆದು ಮುಗಿಸಿದೆ.

ಪರಿಶೀಲನಾ ಸಭೆಯಲ್ಲಿ ಹಿರಿಯ ಎಂಜಿನಿಯರೊಬ್ಬರು ವಾಹನವಾರು ಕೋಷ್ಟಕದ ಮೇಲೆ ಬೆರಳಿಟ್ಟು, "ಟ್ರಾಕ್ಟರ್ ಇಷ್ಟ್ಯಾಕ ಅದಾವ್ರೀ? ಇದು ಯಾವ ತಿಂಗಳ ಎಣಿಕಿ?" ಎಂದು ಕೇಳಿದರು. ಜನವರಿ ಎಂದೆ. "ಕಾರ್ಖಾನಿ ಬಂದ್ ಆದ ಮ್ಯಾಲೆ ಈ ರಸ್ತಾ ನೋಡೀರೇನು?" ನಾನು ನೋಡಿರಲಿಲ್ಲ. ಫ್ಯಾಕ್ಟರ್ ಇದೆ ಸರ್ ಎಂದು ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದಾಗ ಅವರು ಬಂಕಿನ ಹೆಸರು ಓದಿ ಏನೂ ಹೇಳದೆ ಚಹಾ ತರಲು ಹೇಳಿದರು. ಆ ಚಹಾ ಬರುವವರೆಗಿನ ಹತ್ತು ನಿಮಿಷ, ಟ್ರೇಲರ್ ಕಟ್ಟಿದ ಟ್ರಾಕ್ಟರ್ ಒಂದಕ್ಕೆ 4.5 ಪಿಸಿಯು ಎಂಬ ಗುಣಕವನ್ನು ಮನಸ್ಸಿನಲ್ಲೇ ಗುಣಿಸುತ್ತ, ನಾಲ್ಕು ಪಥದ ನನ್ನ ವಾದದಲ್ಲಿ ಎಷ್ಟು ಭಾಗ ಕಬ್ಬೇ ಎಂದು ಲೆಕ್ಕ ಹಾಕುತ್ತ ಕುಳಿತಿದ್ದೆ.

ಮೇ ತಿಂಗಳಲ್ಲಿ ಮತ್ತೆ ಎಣಿಸಿದೆವು. ಎರಡೂ ಎಣಿಕೆ ಸೇರಿಸಿ, ಈ ಸಲ ಆ ಜಿಡ್ಡಿನ ಲೆಜರನ್ನೂ ಹಿಡಿದು ಲೆಕ್ಕ ಮಾಡಿದಾಗ ಎಎಡಿಟಿ 9,400ಕ್ಕೆ ಇಳಿಯಿತು. ಮಿತಿ ಮುಟ್ಟುವುದು ಹತ್ತನೆಯ ವರ್ಷಕ್ಕೆ ಹೋಯಿತು. ಅದರಲ್ಲೂ ಕಬ್ಬಿನ ಟ್ರಾಕ್ಟರುಗಳಿಗೆ ಶೇ. 5ರ ಚಕ್ರಬಡ್ಡಿ ಹಾಕಿದ್ದೇ ತಪ್ಪು, ಏಕೆಂದರೆ ಕಾರ್ಖಾನೆ ದಿನಕ್ಕೆ ನುರಿಸುವಷ್ಟು ಕಬ್ಬು ಮಾತ್ರ ರಸ್ತೆಗೆ ಬರುತ್ತದೆ, ನಾಡಿನ ಜಿಡಿಪಿ ಏರಿತೆಂದು ಅದು ಏರುವುದಿಲ್ಲ. ಆದರೆ ಹಳೆಯ ವರದಿಯಿಂದ ಇಳಿದುಬಂದ ನಮ್ಮ ಎಕ್ಸೆಲ್ ಟೆಂಪ್ಲೇಟಿನಲ್ಲಿ ಎಲ್ಲ ವಾಹನಕ್ಕೂ ಒಂದೇ ಬೆಳವಣಿಗೆ ದರದ ಕಾಲಂ, ಅದೂ ಪಾಸ್‌ವರ್ಡ್ ಹಾಕಿ ಲಾಕ್ ಮಾಡಿದ್ದು.

ಕೊನೆಗೆ ಎರಡು ಪಥ, ಜೊತೆಗೆ ಡಾಂಬರು ಹಾಕಿದ ಭುಜ (ರಸ್ತೆಯ ಅಂಚಿನ ಪಟ್ಟಿ) ಎಂದು ಶಿಫಾರಸು ತಿದ್ದಿದೆವು. ಮೇ ತಿಂಗಳ ಎಣಿಕೆಯ ಖರ್ಚನ್ನು ಯಾರು ಹೊರಬೇಕೆಂಬ ಪತ್ರವ್ಯವಹಾರ ಅದಾದ ಮೇಲೂ ಬಹಳ ಕಾಲ ನಡೆಯಿತು.