ಮಂಗಳ ಹಾಡಿದ ಮೇಲೂ ಮುಗಿಯದ ಜಗಳ

ಮೊನ್ನೆ ಮಳೆ ಹಿಡಿದು ಮೂರು ದಿನ ಬಿಡಲಿಲ್ಲ. ಕರೆಂಟು ಬಂದು ಹೋಗಿ ಮಾಡುತ್ತಿತ್ತು. ಚಾವಡಿಯಲ್ಲಿ ದೊಡ್ಡಪ್ಪ ಮತ್ತು ನಾನು ಎದುರುಬದುರು ಕೂತು ಅಡಿಕೆ ಸುಲಿಯುತ್ತಿದ್ದೆವು. ಸುಮ್ನೆ ಕೂತರೆ ಬೇಜಾರು ಅಂತ ಮೊಬೈಲನ್ನು ಗೋಣಿಚೀಲಕ್ಕೆ ಒರಗಿಸಿ ಬಾಕ್ಸರ್ ಮುಹಮ್ಮದ್ ಅಲಿಯ ಹಳೇ ವಿಡಿಯೋ ಹಾಕಿದೆ.

ದೊಡ್ಡಪ್ಪನಿಗೆ ಎಪ್ಪತ್ತೆಂಟು ವರ್ಷ. ಬಾಕ್ಸಿಂಗ್ ನೋಡಿದವರೇ ಅಲ್ಲ, ಅದನ್ನೂ ಕುಸ್ತಿ ಅಂತಲೇ ಕರೆಯುತ್ತಾರೆ. ಆದರೆ ಬದಿಯಡ್ಕ, ನೀರ್ಚಾಲು, ಪೆರ್ಲ ಕಡೆಯ ತಾಳಮದ್ದಳೆಗಳಲ್ಲಿ, ಅಂದರೆ ವೇಷ ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದಲ್ಲಿ, ನಲವತ್ತು ವರ್ಷ ಅರ್ಥ ಹೇಳಿದವರು, ಪಾತ್ರವಾಗಿ ಕೂತು ವಾದ ಮಾಡಿದವರು. ಅಲಿ ಕ್ಯಾಮೆರಾ ಮುಂದೆ ಕಣ್ಣರಳಿಸಿ ಎದುರಾಳಿಯನ್ನು ಬಯ್ಯುವುದನ್ನು ನೋಡಿ ಕತ್ತಿ ನಿಲ್ಲಿಸಿದರು. "ಇದೆಂತ ಮಾರಾಯ, ಹೊಡೆಯುವ ಮೊದಲೇ ಇಷ್ಟು ಮಾತು? ಇವ ಶೇಣಿಯವರ ವಾಲಿ ಕೇಳಿದ್ದಾನಾ ಹೇಗೆ?"

ಶೇಣಿ ಗೋಪಾಲಕೃಷ್ಣ ಭಟ್ಟರು ಅಂದರೆ ತಾಳಮದ್ದಳೆಯಲ್ಲಿ ದೊಡ್ಡ ಹೆಸರು. ನಾನು ನಕ್ಕುಬಿಟ್ಟೆ. ಆದರೆ ಆ ಮಾತು ತಲೆಯಲ್ಲೇ ಉಳಿಯಿತು, ಅದಕ್ಕೇ ಇದನ್ನು ಬರೆಯುತ್ತಿರುವುದು.

ನಾನು ಚಿಕ್ಕಂದಿನಿಂದ ಅಲಿ ಪಾರ್ಟಿ. ನಮ್ಮ ಕಾಸರಗೋಡಿನಲ್ಲಿ ಅಲಿ ಅಂದರೆ ಹೊರಗಿನವ ಅನ್ನಿಸುವುದೇ ಇಲ್ಲ. 1989ರಲ್ಲಿ ಆತ ಕೋಯಿಕ್ಕೋಡಿಗೂ ಬಂದು ಹೋಗಿದ್ದ. 2016ರ ಜೂನ್‌ನಲ್ಲಿ ತೀರಿಕೊಂಡಾಗ ಮಲಯಾಳ ಚಾನೆಲ್ಲಿನವರು ಕೇರಳದ ಆಗಿನ ಕ್ರೀಡಾ ಮಂತ್ರಿಗೆ ಫೋನ್ ಮಾಡಿದರೆ, ಪಾಪ ಅವರು ಅಲಿ ಕೇರಳದ ಆಟಗಾರ, ಚಿನ್ನದ ಪದಕ ಗೆದ್ದು ಕೇರಳಕ್ಕೆ ಹೆಸರು ತಂದವನು ಅನ್ನುವ ಅರ್ಥದಲ್ಲಿ ಮಾತಾಡಿಬಿಟ್ಟರು. ವಾರಗಟ್ಟಲೆ ವಾಟ್ಸಾಪಿನಲ್ಲಿ ಅದೇ ತಮಾಷೆ. ಅಲಿ ಬದುಕಿದ್ದರೆ ಎಲ್ಲರಿಗಿಂತ ಜಾಸ್ತಿ ಅವನೇ ನಗುತ್ತಿದ್ದ ಅನ್ನಿಸುತ್ತದೆ.

ಆದರೆ ಜೋ ಫ್ರೇಜರ್ ತೀರಿಕೊಂಡಾಗ ನಮ್ಮ ಯಾವ ಚಾನೆಲ್ಲೂ ಯಾರಿಗೂ ಫೋನ್ ಮಾಡಲಿಲ್ಲ. ನನಗೂ ಅವನು ಅಷ್ಟು ದಿನ "ಅಲಿಯ ಎದುರಿನವ" ಮಾತ್ರ ಆಗಿದ್ದ. ಅವನ ಕಥೆ ಓದಿದ ಮೇಲೆ ನನ್ನ ಪಾರ್ಟಿ ಸ್ವಲ್ಪ ಅಲ್ಲಾಡಿತು.

ಜೋ ಹುಟ್ಟಿದ್ದು 1944ರಲ್ಲಿ, ಸೌತ್ ಕೆರೊಲೈನಾದ ಬೋಫರ್ಟ್ ಅನ್ನುವ ಊರಿನ ಹತ್ತಿರ. ಮನೆ ತುಂಬ ಮಕ್ಕಳು, ಕೈಗೆ ಹತ್ತದ ಬೇಸಾಯ. ಅಪ್ಪನಿಗೆ ಎಡಗೈ ಇರಲಿಲ್ಲ, ಗುಂಡೇಟಿನಲ್ಲಿ ಹೋಗಿತ್ತು. ಹಾಗಾಗಿ ಅಪ್ಪ ಏನು ಕೆಲಸ ಹಿಡಿದರೂ ಇನ್ನೊಂದು ಕೈ ಈ ಹುಡುಗನದ್ದು. ಒಂದು ದಿನ ಮನೆಯ ಹಂದಿ ಅಟ್ಟಿಸಿಕೊಂಡು ಬಂದು, ಓಡುವಾಗ ಬಿದ್ದು, ಇಟ್ಟಿಗೆಗೆ ಬಡಿದು ಅವನ ಎಡಗೈಗೇ ಪೆಟ್ಟಾಯಿತು. ಡಾಕ್ಟರ ಹತ್ತಿರ ಹೋಗಲು ದುಡ್ಡೆಲ್ಲಿ? ಕೈ ತಾನಾಗಿಯೇ ವಾಸಿಯಾಯಿತು, ಆದರೆ ಮತ್ತೆ ಪೂರ್ತಿ ನೆಟ್ಟಗಾಗಲೇ ಇಲ್ಲ. ಮೊಣಕೈ ಹತ್ತಿರ ಸ್ವಲ್ಪ ಬಾಗಿಯೇ ಉಳಿಯಿತು. ಮುಂದೆ ಇಡೀ ಜಗತ್ತು ಹೆದರಿದ ಎಡಗೈ ಹುಕ್, ಅಂದರೆ ಮೊಣಕೈ ಬಾಗಿಸಿ ಬದಿಯಿಂದ ಬೀಸುವ ಗುದ್ದು, ಅದೇ ಡೊಂಕು ಕೈಯದ್ದು. ಗೋಣಿಚೀಲಕ್ಕೆ ಹಳೇ ಬಟ್ಟೆ, ಜೋಳದ ದಿಂಡು, ನಡುವೆ ಇಟ್ಟಿಗೆ ತುಂಬಿ ಮರಕ್ಕೆ ಕಟ್ಟಿ ಹೊಡೆಯುತ್ತಿದ್ದನಂತೆ. ಇದನ್ನು ಹೇಳಿದಾಗ ದೊಡ್ಡಪ್ಪ ನಮ್ಮ ಅಡಿಕೆ ಗೋಣಿಯನ್ನು ಒಮ್ಮೆ ಒತ್ತಿ ನೋಡಿದರು.

ಆಮೇಲೆ ಊರು ಬಿಟ್ಟು ಫಿಲಡೆಲ್ಫಿಯಾಕ್ಕೆ ಬಂದ. ಕಸಾಯಿಖಾನೆಯಲ್ಲಿ ಕೆಲಸ. ನೇತುಹಾಕಿದ ಮಾಂಸಕ್ಕೇ ಗುದ್ದಿ ಗುದ್ದಿ ಅಭ್ಯಾಸ. 1964ರ ಟೋಕಿಯೋ ಒಲಿಂಪಿಕ್ಸ್‌ಗೆ ಹೋದದ್ದೂ ಇನ್ನೊಬ್ಬನ ಬದಲಿಗೆ, ಆಯ್ಕೆಯಾದವನಿಗೆ ಕೈ ಪೆಟ್ಟಾಯಿತು ಅಂತ. ಅಲ್ಲಿ ಇವನ ಹೆಬ್ಬೆರಳೇ ಮುರಿಯಿತು. ಯಾರಿಗೂ ಹೇಳದೆ ಫೈನಲ್ ಆಡಿ ಚಿನ್ನ ತಂದ.

ಅಲಿಯ ಕಥೆ ಎಲ್ಲರಿಗೂ ಗೊತ್ತು, ಓಡಿಸಿಬಿಡುತ್ತೇನೆ. ಲೂಯಿವಿಲ್ ಪೇಟೆಯ ಹುಡುಗ, ಅಪ್ಪ ಬೋರ್ಡು ಬರೆಯುವವರು. ಹನ್ನೆರಡನೇ ವಯಸ್ಸಿನಲ್ಲಿ ಸೈಕಲ್ ಕಳವಾಯಿತು, ಕಳ್ಳನಿಗೆ ಬಾರಿಸುತ್ತೇನೆ ಅಂತ ಪೊಲೀಸಿನವನ ಹತ್ತಿರ ಹೇಳಿದ, ಮೊದಲು ಹೊಡೆಯಲು ಕಲಿ ಅಂದ ಆ ಪೊಲೀಸಿನವನೇ ಬಾಕ್ಸಿಂಗ್ ಕಲಿಸಿದ. 1960ರಲ್ಲಿ ರೋಮ್‌ನಲ್ಲಿ ಚಿನ್ನ, 1964ರಲ್ಲಿ ಸನ್ನಿ ಲಿಸ್ಟನ್‌ನನ್ನು ಸೋಲಿಸಿ ಚಾಂಪಿಯನ್. 1967ರಲ್ಲಿ ವಿಯೆಟ್ನಾಂ ಯುದ್ಧಕ್ಕೆ ಹೋಗಲ್ಲ ಅಂದ. ಪಟ್ಟ ಹೋಯಿತು, ಲೈಸೆನ್ಸ್ ಹೋಯಿತು, ಐದು ವರ್ಷ ಜೈಲು ಅಂತ ಶಿಕ್ಷೆಯೂ ಆಯಿತು. ಮೇಲ್ಮನವಿ ನಡೆಯುತ್ತಿದ್ದ ಕಾರಣ ಒಳಗೆ ಹೋಗಲಿಲ್ಲ. 1971ರ ಜೂನ್‌ನಲ್ಲಿ ಸುಪ್ರೀಂ ಕೋರ್ಟು ಶಿಕ್ಷೆಯನ್ನು ತೆಗೆದುಹಾಕಿತು. ಆದರೆ ಒಬ್ಬ ಬಾಕ್ಸರ್‌ನ ಒಳ್ಳೆಯ ಮೂರೂವರೆ ವರ್ಷವನ್ನು ಯಾವ ಕೋರ್ಟು ವಾಪಸ್ ಕೊಡುತ್ತದೆ?

ಆ ಮೂರೂವರೆ ವರ್ಷದಲ್ಲಿ ಅಲಿಗೆ ಸಹಾಯ ಮಾಡಿದವರಲ್ಲಿ ಫ್ರೇಜರ್ ಒಬ್ಬ. ಕೈಗೆ ದುಡ್ಡು ಕೊಟ್ಟ. ಅವನಿಗೆ ಲೈಸೆನ್ಸ್ ವಾಪಸ್ ಕೊಡಿ ಅಂತ ದೊಡ್ಡವರ ಹತ್ತಿರ ಅವನ ಪರ ಮಾತಾಡಿದ. ಇಬ್ಬರೂ ಒಂದೇ ಕಾರಿನಲ್ಲಿ ಫಿಲಡೆಲ್ಫಿಯಾದಿಂದ ನ್ಯೂಯಾರ್ಕಿಗೆ ಹೋದದ್ದೂ ಉಂಟು.

ಇಷ್ಟಾದ ಮೇಲೆ ಮ್ಯಾಚ್ ಗೊತ್ತಾಯಿತು ನೋಡಿ, ಅಲಿಯ ನಾಲಿಗೆ ಶುರುವಾಯಿತು. ಫ್ರೇಜರ್ ಬಿಳಿಯರ ಬಾಲ ಹಿಡಿದವನು, ದಡ್ಡ, ನೋಡಲು ಚೆನ್ನಾಗಿಲ್ಲ. ಹೊಲದಲ್ಲಿ ದುಡಿದು, ಕಸಾಯಿಖಾನೆಯಲ್ಲಿ ದುಡಿದು ಬಂದ ಕಪ್ಪು ಮನುಷ್ಯನಿಗೆ, ಅವನಿಗಿಂತ ಅನುಕೂಲದ ಮನೆಯಲ್ಲಿ ಬೆಳೆದ ಇನ್ನೊಬ್ಬ ಕಪ್ಪು ಮನುಷ್ಯ ಹೇಳಿದ ಮಾತು ಇದು. ಟಿಕೆಟ್ ಹೋಗಬೇಕಲ್ಲ, ಅದಕ್ಕೇ ಅಂತ ಅಲಿ ಆಮೇಲೆ ಹೇಳಿದ. ಇರಬಹುದು. ಆದರೆ ಫ್ರೇಜರ್‌ನ ಮಕ್ಕಳನ್ನು ಶಾಲೆಯಲ್ಲಿ ಅದೇ ಮಾತು ಹಿಡಿದು ಛೇಡಿಸಿದರು ಅಂತ ಮನೆಯವರು ಹೇಳಿಕೊಂಡಿದ್ದಾರೆ. ಆ ಮಕ್ಕಳಿಗೆ ಟಿಕೆಟ್ ವ್ಯಾಪಾರ ಅರ್ಥವಾಗುತ್ತದಾ?

1971ರ ಮಾರ್ಚ್ 8. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಇಬ್ಬರೂ ಅಲ್ಲಿಯವರೆಗೆ ಒಮ್ಮೆಯೂ ಸೋತವರಲ್ಲ. ಇಬ್ಬರಿಗೂ ತಲಾ 25 ಲಕ್ಷ ಡಾಲರ್. ಹಾಡುಗಾರ ಫ್ರಾಂಕ್ ಸಿನಾತ್ರಾ ಒಂದು ಪತ್ರಿಕೆಗೆ ಫೋಟೋ ತೆಗೆಯುವ ನೆಪದಲ್ಲಿ ರಿಂಗಿನ ಬುಡದಲ್ಲೇ ನಿಂತಿದ್ದನಂತೆ. ಆಗ 15 ರೌಂಡು, ಈಗಿನ ಹಾಗೆ 12 ಅಲ್ಲ. ಕೊನೇ ರೌಂಡಿನಲ್ಲಿ ಆ ಡೊಂಕು ಎಡಗೈ ಎಲ್ಲೋ ಕೆಳಗಿನಿಂದ ಎದ್ದು ಬಂದು ಅಲಿಯ ದವಡೆಗೆ ತಾಗಿತು. ಅಲಿ ಅಂಗಾತ ಬಿದ್ದ, ಕಾಲು ಮೇಲೆ. ತಕ್ಷಣ ಎದ್ದ ಅನ್ನುವುದೇ ದೊಡ್ಡದು. ತೀರ್ಪು ಫ್ರೇಜರ್ ಕಡೆಗೆ. ಗೆದ್ದವನೂ ಆಸ್ಪತ್ರೆ ಸೇರಿದ.

ದೊಡ್ಡಪ್ಪ ಇದನ್ನು ಮೂರು ಸಲ ಹಾಕಿಸಿದರು.

1974ರ ಜನವರಿಯ ಎರಡನೇ ಮ್ಯಾಚಿನಲ್ಲಿ ಹೇಳುವಂಥದ್ದು ಜಾಸ್ತಿ ಇಲ್ಲ, ಅಲಿ ಪಾಯಿಂಟ್ ಮೇಲೆ ಗೆದ್ದ. ಅದಕ್ಕಿಂತ ಕೆಲವೇ ದಿನ ಮೊದಲು ಟಿವಿ ಸ್ಟುಡಿಯೋದಲ್ಲಿ ಸೂಟು ಹಾಕಿಕೊಂಡೇ ಇಬ್ಬರೂ ನೆಲದ ಮೇಲೆ ಉರುಳಾಡಿದ್ದೇ ಹೆಚ್ಚು ಮಜಾ. ಅಲಿ ಫ್ರೇಜರ್‌ನನ್ನು ದಡ್ಡ ಅಂದ, ಫ್ರೇಜರ್ ಎದ್ದು ನಿಂತ, ಅಷ್ಟೇ.

ಮೂರನೆಯದ್ದು 1975ರ ಅಕ್ಟೋಬರ್ 1, ಮನಿಲಾ. ಅಮೆರಿಕದ ಟಿವಿ ಸಮಯಕ್ಕೆ ಸರಿಹೊಂದಲಿ ಅಂತ ಬೆಳಿಗ್ಗೆಯೇ ಶುರು ಮಾಡಿದರು. ಮುಚ್ಚಿದ ಕಟ್ಟಡ, ಮೇಲೆ ಲೈಟು, ಒಳಗೆ ಸಾವಿರಾರು ಜನ. ನಮ್ಮ ಏಪ್ರಿಲ್ ತಿಂಗಳ ಸೆಕೆಯಲ್ಲಿ ಶೀಟಿನ ಮಾಡಿನ ಕೆಳಗೆ ಕೂತವರಿಗೆ ಅದು ಗೊತ್ತಾದೀತು. ಈ ಸಲ ಅಲಿ ಜೇಬಿನಿಂದ ಪುಟ್ಟ ರಬ್ಬರ್ ಗೊರಿಲ್ಲಾ ತೆಗೆದು, ಇದೇ ಫ್ರೇಜರ್ ಅಂತ ಪತ್ರಕರ್ತರ ಮುಂದೆ ಗುದ್ದಿ ತೋರಿಸಿದ. ಎಲ್ಲರೂ ನಕ್ಕರು.

ಮ್ಯಾಚ್ ನೋಡಲು ನನಗೆ ಈಗಲೂ ಸಂಕಟ. ಮೊದಲು ಅಲಿ, ನಡುವೆ ಪೂರ್ತಿ ಫ್ರೇಜರ್, ಆಮೇಲೆ ಮತ್ತೆ ಅಲಿ. ಫ್ರೇಜರ್‌ನ ಎಡಗಣ್ಣು ಮೊದಲೇ ಹೆಚ್ಚುಕಡಿಮೆ ಕುರುಡು, ಅದನ್ನು ವರ್ಷಗಟ್ಟಲೆ ಮುಚ್ಚಿಟ್ಟಿದ್ದ. ಈಗ ಬಲಗಣ್ಣೂ ಬಾತು ಮುಚ್ಚಿತು. ಬರುವ ಪೆಟ್ಟು ಕಾಣುತ್ತಿಲ್ಲ. 14ನೇ ರೌಂಡು ಮುಗಿದಾಗ ಅವನ ಗುರು ಎಡ್ಡಿ ಫಚ್ ಸಾಕು ಅಂದರು. ಬೇಡ ಬೇಡ ಅಂತ ಎದ್ದವನನ್ನು ಕೂರಿಸಿದರು, ಇವತ್ತು ನೀನು ಮಾಡಿದ್ದನ್ನು ಯಾರೂ ಮರೆಯುವುದಿಲ್ಲ ಅಂದರು. ಅತ್ತ ಗೆದ್ದ ಅಲಿ ಎದ್ದು ನಿಂತು ಅಲ್ಲೇ ಕುಸಿದ. ಸಾವಿಗೆ ಅಷ್ಟು ಹತ್ತಿರ ತಾನು ಯಾವತ್ತೂ ಹೋಗಿರಲಿಲ್ಲ ಅಂತ ಆಮೇಲೆ ಹೇಳಿದ.

ಅಲಿಗೆ 1984ರಲ್ಲಿ ಪಾರ್ಕಿನ್ಸನ್ ಅಂತ ಗೊತ್ತಾಯಿತು. 1996ರಲ್ಲಿ ಅಟ್ಲಾಂಟಾದಲ್ಲಿ ಅವನು ನಡುಗುವ ಕೈಯಲ್ಲಿ ಒಲಿಂಪಿಕ್ ಜ್ಯೋತಿ ಹಚ್ಚಿದಾಗ ಜಗತ್ತೇ ಕಣ್ಣೊರೆಸಿಕೊಂಡಿತು. ಫ್ರೇಜರ್ ಮಾತ್ರ ಅವನನ್ನು ಆ ಬೆಂಕಿಗೇ ತಳ್ಳಬೇಕಿತ್ತು ಅನ್ನುವ ಹಾಗೆ ಮಾತಾಡಿದ. ಕೆಟ್ಟ ಮಾತು, ಸಮರ್ಥಿಸುವುದಿಲ್ಲ. ಆದರೆ ಇಪ್ಪತ್ತೈದು ವರ್ಷ ಒಳಗಿಟ್ಟುಕೊಂಡದ್ದು ಇನ್ನು ಹೇಗೆ ಹೊರಗೆ ಬರಬೇಕು? ಅವನು ಫಿಲಡೆಲ್ಫಿಯಾದಲ್ಲಿ ತನ್ನ ಜಿಮ್ಮಿನ ಮಾಳಿಗೆಯಲ್ಲಿ ಬದುಕುತ್ತಿದ್ದ. ಅದೇ ಊರಿನಲ್ಲಿ ಸಿನಿಮಾದ ಬಾಕ್ಸರ್ ಪಾತ್ರಕ್ಕೆ ಯಾವತ್ತೋ ಪ್ರತಿಮೆ ಬಂದಿತ್ತು, ನಿಜವಾದ ಬಾಕ್ಸರ್‌ಗೆ ಬಂದದ್ದು 2015ರಲ್ಲಿ, ಅವನು ಸತ್ತು ನಾಲ್ಕು ವರ್ಷ ಆದ ಮೇಲೆ.

ಹೇಳಿದ್ದೆಲ್ಲ ತಪ್ಪು ಅಂತ 2001ರಲ್ಲಿ ಅಲಿ ಕ್ಷಮೆ ಕೇಳಿದ. ಕೇಳಿದ್ದು ಪತ್ರಿಕೆಯವರ ಹತ್ತಿರ. ಅದೇ ವರ್ಷ ಇಬ್ಬರ ಹೆಣ್ಣುಮಕ್ಕಳು ಲೈಲಾ ಮತ್ತು ಜಾಕಿ ರಿಂಗಿಗೆ ಇಳಿದು ಎಂಟು ರೌಂಡು ಹೊಡೆದಾಡಿದರು, ಲೈಲಾ ಗೆದ್ದಳು. 2011ರ ನವೆಂಬರ್‌ನಲ್ಲಿ ಫ್ರೇಜರ್ ಲಿವರ್ ಕ್ಯಾನ್ಸರಿನಿಂದ ಹೋದ. ಅಂತ್ಯಕ್ರಿಯೆಗೆ ಅಲಿ ಬಂದಿದ್ದ. ಎಲ್ಲರೂ ಎದ್ದು ಜೋಗೆ ಚಪ್ಪಾಳೆ ತಟ್ಟಿದಾಗ ಅವನೂ ಎದ್ದು ತಟ್ಟಿದ.

ಇದನ್ನೆಲ್ಲ ಹೇಳಿ ಮುಗಿಸಿ, "ನಿಮ್ಮ ತಾಳಮದ್ದಳೆಯಲ್ಲಿ ಇದೇ ವಾಸಿ ದೊಡ್ಡಪ್ಪ, ರಾತ್ರಿಯಿಡೀ ಬೈದಾಡಿಕೊಂಡರೂ ಮಂಗಳ ಹಾಡಿದ ಮೇಲೆ ಒಟ್ಟಿಗೆ ಚಾ ಕುಡಿಯುತ್ತೀರಿ" ಅಂದೆ.

ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು. ಒಮ್ಮೆ ಕರ್ಣಪರ್ವ, ಇವರದ್ದು ಶಲ್ಯ. ಕರ್ಣ ಹೇಳಿದವರು ಇವರ ಶಾಲೆಯ ಜೊತೆಗಾರ, ಹೊಟ್ಟೆಪಾಡಿಗೆ ಮದುವೆ ಮುಂಜಿಗಳಲ್ಲಿ ಅಡಿಗೆ ಮಾಡುವವರು. ಶಲ್ಯ ಕರ್ಣನನ್ನು ಹಂಗಿಸಲೇಬೇಕು, ಅದು ಪ್ರಸಂಗದಲ್ಲೇ ಉಂಟು. ರಾತ್ರಿ ಎರಡು ಗಂಟೆ, ಜನ ತೂಕಡಿಸುತ್ತಿದ್ದರು. ಏಳಿಸಬೇಕು ಅಂತ ಇವರು ಕೇಳಿದರಂತೆ: "ಇದು ಬಿಲ್ಲು ಹಿಡಿಯುವ ಕೈಯೋ, ಸೌಟು ಹಿಡಿಯುವ ಕೈಯೋ?"

ಸಭೆಗೆ ಸಭೆ ಘೊಳ್ಳೆಂದು ಎದ್ದು ಕೂತಿತು. ಆ ಮನುಷ್ಯ ಮತ್ತೆ ಯಾವತ್ತೂ ದೊಡ್ಡಪ್ಪನ ಎದುರು ಅರ್ಥಕ್ಕೆ ಕೂರಲಿಲ್ಲ. ತೀರಿಹೋಗಿ ಈಗ ಆರು ವರ್ಷ ಆಯಿತು.

"ಅವನೂ ನಗಾಡಿದ್ದ ಮಾರಾಯ," ಅಂದರು ದೊಡ್ಡಪ್ಪ. "ನಾನೇ ನೋಡಿದ್ದೇನೆ, ಅಲ್ಲೇ ನಗಾಡಿದ್ದ."

ಮತ್ತೆ ಒಂದು ಅಡಿಕೆ ಕೈಗೆತ್ತಿಕೊಂಡರು, ಸುಲಿಯಲಿಲ್ಲ. ಮೊಬೈಲ್ ಕಡೆ ಗಲ್ಲ ತೋರಿಸಿ, "ಆ ಮಾತಾಡುವವ ಬೀಳುತ್ತಾನಲ್ಲ, ಹದಿನೈದನೆಯದ್ದರಲ್ಲಿ, ಅದನ್ನು ಇನ್ನೊಮ್ಮೆ ಹಾಕು" ಅಂದರು.