ಸಿರಿಂಜಿನ ಚೀಟಿಯಲ್ಲಿ ಹೊತ್ತು ಬರೆಯದ ದಿನ

ನಾನು ಅಣುವೈದ್ಯಕೀಯ ವಿಭಾಗದಲ್ಲಿ ತಂತ್ರಜ್ಞೆ. ಕೆಲಸಕ್ಕೆ ಸೇರಿದ ಮೊದಲ ವರ್ಷದ ಒಂದು ಬೆಳಗ್ಗೆ, ಮೂಳೆ ಸ್ಕ್ಯಾನ್‌ಗೆ ವಿಕಿರಣ ಸೂಸುವ ಟೆಕ್ನೀಷಿಯಂ-99ಎಂ ಬೆರೆಸಿದ ಮದ್ದನ್ನು ಸಿರಿಂಜಿಗೆ ಎಳೆದು, ಅಳೆದು, ಚೀಟಿಯಲ್ಲಿ ವಿಕಿರಣದ ಪ್ರಮಾಣ ಬರೆದೆ. ಅಳೆದ ಹೊತ್ತನ್ನು ಬರೆಯಲಿಲ್ಲ.

ರೋಗಿ ತಡವಾಗಿ ಬಂದರು. ಸೀಸದ ಡಬ್ಬಿ ತೆರೆದ ಹಿರಿಯ ಸಹೋದ್ಯೋಗಿ, "ಇದು ಎಷ್ಟು ಗಂಟೆಯ ಅಳತೆ?" ಎಂದು ಕೇಳಿದರು.

"ಎಂಟೂವರೆ ಇರಬಹುದು, ಮೇಡಂ."

"ಇರಬಹುದು ಎಂದರೆ ಈ ಸಂಖ್ಯೆಯನ್ನು ನಂಬುವುದು ಹೇಗಮ್ಮ?" ಎನ್ನುತ್ತಲೇ ಸಿರಿಂಜನ್ನು ಮತ್ತೆ ಅಳತೆಯ ಯಂತ್ರಕ್ಕೆ ಇಳಿಸಿದರು. ಬರೆದದ್ದರಲ್ಲಿ ಮುಕ್ಕಾಲು ಪಾಲೂ ಉಳಿದಿರಲಿಲ್ಲ. ಹಾಗೆಯೇ ಚುಚ್ಚಿದ್ದರೆ ಚಿತ್ರ ಮಸುಕಾಗುತ್ತಿತ್ತು. ಚುಚ್ಚಿದ ಮೇಲೆ ಮದ್ದು ಮೂಳೆಗೆ ಸೇರಲೆಂದು ಆ ರೋಗಿ ಎರಡು ಮೂರು ಗಂಟೆ ಕಾಯುವುದೂ ವ್ಯರ್ಥವಾಗುತ್ತಿತ್ತು.

ಟೆಕ್ನೀಷಿಯಂ-99ಎಂನ ಅರ್ಧಾಯುಷ್ಯ, ಅಂದರೆ ಅದರ ವಿಕಿರಣ ಅರ್ಧಕ್ಕೆ ಇಳಿಯಲು ಬೇಕಾದ ಹೊತ್ತು, ಕೇವಲ 6 ಗಂಟೆ. ಅದಕ್ಕೇ ಅದನ್ನು ಕೂಡಿಡಲಾಗುವುದಿಲ್ಲ. ನಮ್ಮಲ್ಲಿಗೆ ಬರುವುದು ಅದರ ತಾಯಿ, ಅಂದರೆ ತಾನು ಕ್ಷಯಿಸುತ್ತಾ ಟೆಕ್ನೀಷಿಯಂ ಆಗುವ ಮಾಲಿಬ್ಡಿನಂ-99, ಅರ್ಧಾಯುಷ್ಯ 66 ಗಂಟೆ. ಅದು ಅಲ್ಯುಮಿನಾ ತುಂಬಿದ ಕೊಳವೆಗೆ ಅಂಟಿಕೊಂಡಿರುತ್ತದೆ. ಉಪ್ಪುನೀರು ಹಾಯಿಸಿದರೆ ಟೆಕ್ನೀಷಿಯಂ ಮಾತ್ರ ಹೊರಬರುತ್ತದೆ. ಇದನ್ನು ನಾವು ಹಾಲು ಕರೆಯುವುದು ಎಂದೇ ಹೇಳುತ್ತೇವೆ. ಇಂದು ಕರೆದರೆ ನಾಳೆ ಬೆಳಗ್ಗೆಗೆ ಮತ್ತೆ ತುಂಬಿರುತ್ತದೆ. ಕರೆದ ಪ್ರತಿ ಸಲವೂ ಮಾಲಿಬ್ಡಿನಂ ಸೋರಿ ಬಂದಿದೆಯೇ ಎಂದು ನೋಡಲೇಬೇಕು. ಈ ಪರೀಕ್ಷೆಯನ್ನು ಅವಸರದಲ್ಲಿ ಬಿಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಅರ್ಧಾಯುಷ್ಯಕ್ಕೆ ತಕ್ಕಂತೆ ಕೆಲಸವೂ ಬೇರೆ. ಥೈರಾಯ್ಡ್ ಚಿಕಿತ್ಸೆಯ ಅಯೋಡಿನ್-131ಕ್ಕೆ 8 ದಿನ, ಏಕೆಂದರೆ ಅದು ಗ್ರಂಥಿಯೊಳಗೆ ಕುಳಿತು ಕೋಶಗಳನ್ನು ಸುಡಬೇಕು. ಕೆಲವು ಬಗೆಯ ಹೊಗೆ ಎಚ್ಚರಿಕೆ ಯಂತ್ರಗಳಲ್ಲಿರುವ ಅಮೆರಿಸಿಯಂ-241ಕ್ಕೆ ಸುಮಾರು 432 ವರ್ಷ. ಅದರ ಮುಂದೆ ಯಾರೂ ಗಡಿಯಾರ ನೋಡಬೇಕಿಲ್ಲ. ಪುರಾತತ್ವಜ್ಞರಿಗೆ ಕಾರ್ಬನ್-14ರ 5,730 ವರ್ಷಗಳೇ ಗಡಿಯಾರ.

"ಇದು ಮೈಯಲ್ಲಿ ಎಷ್ಟು ದಿನ ಇರುತ್ತದೆ?" ಎಂದು ಸೂಜಿ ಕಂಡೊಡನೆ ರೋಗಿಗಳು ಭಯದಿಂದ ಕೇಳುತ್ತಾರೆ. "ನಾಳೆ ಇಷ್ಟು ಹೊತ್ತಿಗೆ ಹದಿನಾರರಲ್ಲಿ ಒಂದು ಪಾಲೂ ಇರುವುದಿಲ್ಲ, ಮೂತ್ರದಲ್ಲಿಯೂ ಹೋಗುತ್ತದೆ, ಚೆನ್ನಾಗಿ ನೀರು ಕುಡಿಯಿರಿ" ಎನ್ನುತ್ತೇನೆ. ಹಾಗೆ ಹೇಳುವಾಗ ಕೈಯಲ್ಲಿರುವ ಚೀಟಿಯಲ್ಲಿ ಗಂಟೆ, ನಿಮಿಷ ಮೊದಲು, ಪ್ರಮಾಣ ಆಮೇಲೆ.